ಇರಲಿ ಮೇಸ್ತ್ರಿಯ ಎರಡು ಪೆಟ್ಟಿಗೆ

ಮನೆ ಬದಲಾಯಿಸುವವರ ಸಾಮಾನು ಕಟ್ಟಿಕೊಡುವುದು ನನ್ನ ಕಸುಬು. ಹರೆಯದಲ್ಲಿ ಲಾರಿಗೆ ಮೂಟೆ ಹೊರಲು ಸೇರಿದವನು, ಆಮೇಲೆ ಕಟ್ಟುವವನಾದೆ, ಈಗ ಕಟ್ಟುವವರಿಗೆ ಮೇಸ್ತ್ರಿ. ಈ ಊರಿನ ಎಷ್ಟೋ ಜನರ ಗಂಟುಮೂಟೆ ನನ್ನ ಕೈಯಲ್ಲಿ ಕಟ್ಟಿಸಿಕೊಂಡು ಹೊರಟಿದೆ. ಗಾಜಿನ ಲೋಟ, ಪಿಂಗಾಣಿ ಬಸಿ, ಗೋಡೆ ಗಡಿಯಾರ, ಒಮ್ಮೆ ಒಬ್ಬ ಹಲ್ಲಿನ ಡಾಕ್ಟರ ಎತ್ತಿ ಇಳಿಸುವ ಕುರ್ಚಿ, ಯಾವುದೂ ನನ್ನ ಕೈಯಲ್ಲಿ ಒಡೆದಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಹೆಮ್ಮೆಗೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಹೇಳಲಿರುವುದರಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲ.

ಪೆಟ್ಟಿಗೆಯೊಳಗೆ ಖಾಲಿ ಜಾಗ ಬಿಡಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಲಾರಿ ಕುಲುಕಿದಾಗ ಸಾಮಾನು ಒಡೆಯುವುದು ಭಾರದಿಂದಲ್ಲ, ಸಂದಿಯಿಂದ. ಆದ್ದರಿಂದ ಸಂದಿ ಕಂಡಲ್ಲೆಲ್ಲ ಏನಾದರೂ ತುರುಕಬೇಕು. ಹಳೆ ಪೇಪರು, ಚಿಂದಿ ಬಟ್ಟೆ, ದಿಂಬು, ಕೈಗೆ ಸಿಕ್ಕಿದ್ದು. ತುರುಕುವಾಗ ನನ್ನ ಬಾಯಿಗೆ ಬರುವ ಮಾತು ಒಂದೇ: ಇರಲಿ. ಇದೂ ಇರಲಿ, ಅದೂ ಇರಲಿ, ಆ ಮೂಲೆಗೊಂದು ಟವೆಲ್ ಇರಲಿ. ಹೀಗೆ ಜೊತೆಯವರ ಬಾಯಲ್ಲಿ ನಾನು ಇರಲಿ ಮೇಸ್ತ್ರಿಯಾದೆ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. ಒಂದು ದಿನ ಯಜಮಾನರೇ ಗೋಡೌನಿನ ಬಾಗಿಲಲ್ಲಿ ನಿಂತು ಹಾಗೆ ಕೂಗಿದ ಮೇಲೆ ಹೆಸರು ಪಕ್ಕಾ ಆಯಿತು.

ಕಸುಬು ಗೋಡೌನಿನಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಅದು ನನ್ನ ಹಿಂದೆಯೇ ಮನೆಗೂ ಬಂತು. ಮಗಳು ಚಿಕ್ಕವಳಿದ್ದಾಗ ಅವಳ ಶಾಲೆಯ ಚೀಲಕ್ಕೆ ನಾನು ದಿನಾ ಒಂದೊಂದು ಉಪಯೋಗದ ವಸ್ತು ಸೇರಿಸುತ್ತಿದ್ದೆ. ಅವಳ ಎಡ ಭುಜ ಇವತ್ತಿಗೂ ಸ್ವಲ್ಪ ತಗ್ಗಿರುವುದು ಅದರಿಂದಲೇ ಎಂದು ಅವಳಮ್ಮ ಹೇಳುತ್ತಾಳೆ. ಬೀದಿ ಕೊನೆಯ ಅಂಗಡಿಗೆ ಸೋಪು ತರಲು ಹೊರಟರೂ ನನ್ನ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಚೀಲ, ಚೀಲದೊಳಗೆ ಟಾರ್ಚು, ಮತ್ತೊಂದು ಚೀಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ನಾನು ಹಾಸಿಗೆಯನ್ನೇ ಸುತ್ತಿಕೊಂಡು ಜೊತೆಗೆ ಒಯ್ಯುವವರ ಪೈಕಿ.

ನನ್ನ ಹೆಂಡತಿ ಇನ್ನೊಂದು ಪೈಕಿ. ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಹೊಲಿಗೆ ಮಿಷನ್ನಿನ ಮುಂದೆ ಕೂತು, ಕೊಂಡವರ ಅಳತೆಗೆ ಬಟ್ಟೆ ಸರಿಮಾಡಿ ಕೊಡುವುದು ಅವಳ ಕೆಲಸ. ಉದ್ದವಿದ್ದದ್ದನ್ನು ಕತ್ತರಿಸಬೇಕು, ಸಡಿಲವಿದ್ದದ್ದನ್ನು ಒಳಗೆ ಹಿಡಿಯಬೇಕು. ಹೆಚ್ಚಾದದ್ದು ಏನು ಕಂಡರೂ ಅವಳ ಕೈ ತಾನಾಗಿ ಕತ್ತರಿಗೆ ಹೋಗುತ್ತದೆ. ಅವಳ ಬಾಯಿಗೂ ಒಂದು ಮಾತು ಅಂಟಿಕೊಂಡಿದೆ: ಹೋಗ್ಲಿ ಬಿಡಿ. ಹಾಲು ಉಕ್ಕಿದರೆ ಹೋಗ್ಲಿ ಬಿಡಿ. ಬಸ್ಸು ತಪ್ಪಿದರೆ ಹೋಗ್ಲಿ ಬಿಡಿ, ಇನ್ನೊಂದು ಬರುತ್ತೆ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಎನ್ನುವ ಗಾದೆಯನ್ನು ನಮ್ಮಿಬ್ಬರನ್ನು ನೋಡಿಯೇ ಕಟ್ಟಿರಬೇಕು. ಕೋಣ ಯಾರೆಂದು ಕೇಳಬೇಡಿ, ಮನೆಯಲ್ಲಿ ಆ ಚರ್ಚೆ ಬಹಳ ಹಿಂದೆಯೇ ಮುಗಿದಿದೆ. ಆದರೆ ನೀರಿಗೆ ಎಳೆದದ್ದು ಮಾತ್ರ ಅವಳು.

ಒಂದು ಸಂಜೆ ಕೆಲಸದಿಂದ ಬಂದವಳು ಮಂಡಿ ನೀವಿಕೊಳ್ಳುತ್ತ ಕೂತು, "ನಾನು ಸಮುದ್ರಕ್ಕೆ ಹೋಗ್ಬೇಕು ಕಣ್ರೀ," ಎಂದಳು.

"ಹೋಗಿ ನೋಡ್ಕೊಂಡು ಬಂದ್ರಾಯ್ತು," ಎಂದೆ.

"ನೋಡೋಕಲ್ಲ, ಇಳಿಯೋಕೆ. ಮಿಷನ್ ತುಳಿದೂ ತುಳಿದೂ ಮಂಡಿ ದಿನಾ ಒಂದೊಂದು ರಾಗ ತೆಗೀತಿದೆ. ಕಾಲು ನನ್ನ ಮಾತು ಕೇಳೋವಾಗ್ಲೇ ಒಂದ್ಸಲ ನೀರಲ್ಲಿ ನಿಂತ್ಕೋಬೇಕು."

"ನಿಂತ್ಕೋ. ಬೇಡ ಅಂದೋರು ಯಾರು?"

"ಒಬ್ಳೇ ನಿಲ್ಲೋಕೆ ಭಯ. ಅಲೆ ಹಿಂದೆ ಹೋಗುವಾಗ ಕಾಲ ಕೆಳಗಿನ ಮರಳು ಜಾರುತ್ತಂತೆ. ನೀವು ಕೈ ಹಿಡ್ಕೋಬೇಕು."

"ಹಿಡ್ಕೊಂಡ್ರಾಯ್ತು, ಅದಕ್ಕೇನು?"

"ಅದಕ್ಕೇನು ಅಂದ್ರೆ ನಿಮ್ಮ ಕೈ ಖಾಲಿ ಇರ್ಬೇಕು. ಮದುವೆಯಾದಾಗಿಂದ ನೋಡ್ತಿದ್ದೀನಿ. ರಸ್ತೇಲಿ ನಿಮ್ಮ ಜೊತೆ ನಡೆದ್ರೆ ನಾನು ಯಾವುದೋ ಚೀಲದ ಕಿವಿ ಹಿಡ್ಕೊಂಡು ನಡೀಬೇಕು, ನಿಮ್ಮ ಕೈ ಸಿಕ್ಕಿದ್ದೇ ಇಲ್ಲ. ಈ ಸಲ ಒಂದೇ ಪೆಟ್ಟಿಗೆ. ಇದೂ ಆಗ್ಲಿಲ್ಲ ಅಂದ್ರೆ ನಾನು ಇನ್ಮೇಲೆ ಕೇಳಲ್ಲ."

ಕೊನೆಯ ಮಾತಿಗೆ ನನಗೆ ಹೆದರಿಕೆಯಾಯಿತು. ಅವಳು ಕೇಳುವುದನ್ನು ನಿಲ್ಲಿಸಿದ ಸಂಗತಿಗಳು ನಮ್ಮ ಮನೆಯಲ್ಲಿ ಕೆಲವಿವೆ. ಅವಳೇನೂ ಸಿಟ್ಟು ಮಾಡುವುದಿಲ್ಲ, ಮಾತು ನಿಂತುಹೋಗುತ್ತದೆ, ಅಷ್ಟೇ. ಒಮ್ಮೆ ಬಿಟ್ಟದ್ದು ಮತ್ತೆ ಅವಳ ಬಾಯಿಗೆ ಬಂದದ್ದಿಲ್ಲ. ಸಮುದ್ರವೂ ಆ ಸಾಲಿಗೆ ಸೇರಬಾರದು ಎನಿಸಿತು. ಒಂದೇ ಪೆಟ್ಟಿಗೆ ಎಂದು ಮಾತು ಕೊಟ್ಟೆ.

ಪೆಟ್ಟಿಗೆಗಳು ಮನೆಯಲ್ಲಿ ಎರಡಿದ್ದವು. ಮನೆ ಖಾಲಿ ಮಾಡಿ ಹೋದ ಗಿರಾಕಿಯೊಬ್ಬರು ಬೇಡವೆಂದು ಬಿಟ್ಟುಹೋದ ಜೋಡಿ ಪೆಟ್ಟಿಗೆ. ಎರಡಕ್ಕೂ ಒಂದೇ ಬಣ್ಣ, ಒಂದೇ ಅಳತೆ, ಒಂದೇ ಥರದ ಹಿತ್ತಾಳೆ ಕೊಂಡಿ. ಅವರು ಬೇಡವೆಂದದ್ದನ್ನು ನಾನು ಏನೆಂದು ಮನೆಗೆ ತಂದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರಡುವ ಹಿಂದಿನ ಸಂಜೆ ಅವಳು ಮಂಚದ ಮೇಲೆ ಜಡ್ಜಿನ ಹಾಗೆ ಕೂತಳು. ನಾನು ಒಂದೊಂದೇ ಸಾಮಾನನ್ನು ಕಟಕಟೆಗೆ ತಂದು ನಿಲ್ಲಿಸಿದೆ.

"ಇದೇನು?"

"ಇಸ್ತ್ರಿ ಪೆಟ್ಟಿಗೆ."

"ಯಾಕೆ, ಸಮುದ್ರ ಸುಕ್ಕುಸುಕ್ಕಾಗಿರುತ್ತೆ, ಇಸ್ತ್ರಿ ಮಾಡೋಣ ಅಂತಲಾ? ಬೇಡ. ಇದು?"

"ಸುತ್ತಿಗೆ. ಅಕಸ್ಮಾತ್ ಒಂದು ಮೊಳೆ ಹೊಡೀಬೇಕಾಗಿ ಬಂದ್ರೆ..."

"ಯಾರ ಗೋಡೆಗೆ?"

ಸುತ್ತಿಗೆಯನ್ನು ಕೆಳಗಿಟ್ಟೆ. ಬಿಸಿನೀರಿನ ರಬ್ಬರ್ ಚೀಲ ತಂದು, "ಇದು ನಿನ್ನ ಮಂಡಿಗೆ ಕಣೇ," ಎಂದು ಪ್ರೀತಿಯ ದಾರಿ ಹಿಡಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಅದನ್ನೂ ಬೇಡವೆಂದಳು. ಬಟ್ಟೆ ಒಣಹಾಕುವ ಹಗ್ಗ ಮತ್ತು ಕ್ಲಿಪ್ಪು ಬೇಡ. ಸ್ಕ್ರೂಡ್ರೈವರ್, ಸ್ಪ್ಯಾನರ್, ಅಂಟುವ ಟೇಪು ಬೇಡ. ನಲ್ಲಿಗೆ ಹಾಕುವ ರಬ್ಬರ್ ವಾಷರುಗಳನ್ನು ತೋರಿಸಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ಇನ್ನೊಂದು ಜೊತೆ ಚಪ್ಪಲಿ ಹಿಡಿದು, "ಅದು ಕಿತ್ತುಹೋದ್ರೆ ಇದು," ಎಂದೆ.

"ಕಿತ್ತುಹೋದ್ರೆ ಬರಿಗಾಲಲ್ಲಿ ನಡೀರಿ. ಅಲ್ಲಿರೋದು ಮರಳು, ಮುಳ್ಳಲ್ಲ."

ಪ್ರತಿ ಸಲ ನಾನು "ಇರಲಿ" ಎನ್ನಲು ಬಾಯಿ ತೆರೆಯುವುದು, ಅವಳು "ಹ್ಞೂಂ, ಇಲ್ಲೇ ಇರಲಿ" ಎಂದು ಅದನ್ನು ಮುಗಿಸುವುದು. ನಾನು ಜೀವಮಾನವಿಡೀ ಬಳಸಿದ ಮಾತಿನಿಂದ ಒಂದು ವಸ್ತುವನ್ನು ಜೊತೆಗೆ ಒಯ್ಯಲೂಬಹುದು, ಬಿಟ್ಟು ಹೋಗಲೂಬಹುದು ಎಂದು ಅವತ್ತೇ ಗೊತ್ತಾಯಿತು. ಅಷ್ಟು ವರ್ಷ ನಾನು ಅದರ ಅರ್ಧವನ್ನೇ ಬಳಸಿದ್ದೆ.

ಕೊನೆಗೆ ಪೆಟ್ಟಿಗೆಗೆ ಹೋದದ್ದು ನಮ್ಮಿಬ್ಬರ ಬಟ್ಟೆ, ಟವೆಲ್, ಬಾಚಣಿಗೆ, ಅವಳ ಮಾತ್ರೆ, ಎಲ್ಲಕ್ಕಿಂತ ಮೇಲೆ ಅವಳು ಸಮುದ್ರಕ್ಕೆಂದೇ ಹೊಲಿದುಕೊಂಡ ನೀಲಿ ಉಡುಪು. ಅಲೆ ಬಂದರೂ ನೆನೆಯದ ಹಾಗೆ ಅಂಚನ್ನು ತುಸು ಮೇಲಕ್ಕೆ ಮಡಿಸಿ ಹೊಲಿದಿದ್ದಳು. ಊರವರ ಬಟ್ಟೆಯನ್ನೆಲ್ಲ ಸರಿಮಾಡಿದವಳು ತನಗೆಂದು ಆಸೆಪಟ್ಟು ಹೊಲಿದದ್ದು ಅದೊಂದೇ ಇರಬೇಕು. ಮುಚ್ಚಳ ಹಾಕಿ ಎತ್ತಿದಾಗ ಒಳಗೆ ಏನೋ ಅತ್ತಿಂದಿತ್ತ ಸರಿದ ಸದ್ದಾಯಿತು. ಅರ್ಧ ಪೆಟ್ಟಿಗೆ ಖಾಲಿ! ನನ್ನ ಮೈಮೇಲೆ ಮುಳ್ಳೆದ್ದವು. ಅವಳು ನೆಮ್ಮದಿಯಾಗಿ ಪಕ್ಕದ ಮನೆಯವರಿಗೆ ಗಿಡಕ್ಕೆ ನೀರು ಹಾಕಲು ಹೇಳಿಬರಲು ಹೋದಳು.

ನೆಲದ ಮೇಲೆ ತಿರಸ್ಕೃತ ಸಾಮಾನಿನ ರಾಶಿ ಬಿದ್ದಿತ್ತು. ಬುದ್ಧಿ ಇದ್ದವನು ಅದನ್ನೆಲ್ಲ ಎತ್ತಿದ ಕಪಾಟಿಗೇ ಮರಳಿ ಇಡುತ್ತಿದ್ದ. ಆದರೆ ಸಾಮಾನು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ, ಅದರ ಪಕ್ಕದಲ್ಲೇ ಖಾಲಿ ಪೆಟ್ಟಿಗೆ ಬಾಯಿ ತೆರೆದುಕೊಂಡಿದ್ದರೆ, ನನ್ನಂಥವನ ಕೈ ಸುಮ್ಮನಿರುತ್ತದೆಯೇ? ಹುಟ್ಟುಗುಣ ಸುಟ್ಟರೂ ಹೋಗದು. ಎಲ್ಲಿಗೂ ಹೋಗದ ಸಾಮಾನನ್ನು ಎರಡನೆಯ ಪೆಟ್ಟಿಗೆಗೆ ಎಷ್ಟು ಅಂದವಾಗಿ ತುಂಬಿದೆನೆಂದರೆ, ಒಂದು ಸೂಜಿ ತೂರಿಸಲೂ ಸಂದಿ ಉಳಿಯಲಿಲ್ಲ. ಸುತ್ತಿಗೆಯನ್ನು ಬಿಸಿನೀರಿನ ಚೀಲದಲ್ಲಿ ಸುತ್ತಿ ಮಲಗಿಸಿದೆ, ವಾಷರುಗಳನ್ನು ಚಪ್ಪಲಿಯೊಳಗೆ. ಕೊಂಡಿ ಹಾಕಿ, ಎರಡೂ ಪೆಟ್ಟಿಗೆಗಳನ್ನು ಬಾಗಿಲ ಬಳಿ ಅಕ್ಕಪಕ್ಕ ನಿಲ್ಲಿಸಿದೆ. ಕಟ್ಟಿದ ಸಾಮಾನನ್ನು ಬಾಗಿಲಿಗೆ ತಂದು ನಿಲ್ಲಿಸುವುದು ಕೂಡ ಕಸುಬಿನ ಅಭ್ಯಾಸ.

ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಒಯ್ಯಲು ಟ್ಯಾಕ್ಸಿ ಬಂದಾಗ ನಾನು ಅಡುಗೆಮನೆಯ ಸಿಂಕಿನ ಕೆಳಗೆ ತಲೆ ತೂರಿಸಿ ನೀರಿನ ವಾಲ್ವ್ ತಿರುಗಿಸುತ್ತಿದ್ದೆ. ಹೆಂಡತಿ ಆಗಲೇ ಗಾಡಿಯಲ್ಲಿ ಹೋಗಿ ಕೂತಿದ್ದಳು. ಡ್ರೈವರ್ ಬಾಗಿಲಿಂದ ಕೂಗಿದ.

"ಅಣ್ಣಾ, ಈ ಭಾರದ ಪೆಟ್ಟಿಗೆ?"

"ಅದು ಇರಲಿ," ಎಂದೆ.

ಬಿಟ್ಟುಬಿಡು ಎಂಬ ಅರ್ಥದಲ್ಲಿ ನಾನು ಆ ಮಾತನ್ನು ಆಡಿದ್ದು ಅದೇ ಮೊದಲು. ಆಡುವಾಗ ಎದೆ ಸ್ವಲ್ಪ ಉಬ್ಬಿತು ಕೂಡ. ಆದರೆ ಇಷ್ಟು ಕಾಲದ ಅಭ್ಯಾಸ ನನ್ನ ಗಂಟಲಲ್ಲಿ ಹಾಗೇ ಕೂತಿತ್ತೋ ಏನೋ, ಡ್ರೈವರಿಗೆ ಅದು ನನ್ನ ಹಳೆಯ ಅರ್ಥದಲ್ಲೇ ಕೇಳಿಸಿತು. ಇರಲಿ ಅಂದರೆ ಗಾಡಿಯಲ್ಲಿ ಇರಲಿ.

"ಇನ್ನೊಂದು?" ಎಂದು ಕೂಗಿದ.

"ತರ್ತೀನಿ, ನೀನು ಹೋಗು," ಎಂದೆ. ಅದು ನಮ್ಮ ಬಟ್ಟೆಯ ಪೆಟ್ಟಿಗೆ, ನನ್ನ ಕೈಯಲ್ಲೇ ಒಯ್ಯೋಣ ಎಂಬ ಲೆಕ್ಕ.

ಸಿಂಕಿನಿಂದ ತಲೆ ಹೊರತೆಗೆದು ಬಂದು ನೋಡಿದರೆ ಬಾಗಿಲಲ್ಲಿ ಒಂದೇ ಪೆಟ್ಟಿಗೆ ಉಳಿದಿತ್ತು, ಗಾಡಿಯ ಡಿಕ್ಕಿ ಮುಚ್ಚಿತ್ತು. ಡ್ರೈವರ್ ಬಟ್ಟೆಯ ಪೆಟ್ಟಿಗೆಯನ್ನು ತಾನೇ ಒಯ್ದಿದ್ದಾನೆ, ಉಳಿದದ್ದು ಬೇಡದ ಪೆಟ್ಟಿಗೆ ಎಂದುಕೊಂಡೆ. ಅದನ್ನು ನೋಡಿ ನನ್ನ ಮೇಲೆ ನನಗೇ ಗೌರವ ಬಂತು. ಸುತ್ತಿಗೆ, ಹಗ್ಗ, ಟೇಪು ಎಲ್ಲವನ್ನೂ ಬಿಟ್ಟು ಹೊರಟ ಸಂನ್ಯಾಸಿಯಂತೆ ಒಮ್ಮೆ ಅದರ ಬೆನ್ನು ಸವರಿ, ಕಾಲಿನಿಂದ ಮೆಲ್ಲಗೆ ಒಳಗೆ ತಳ್ಳಿದೆ. ಎಷ್ಟು ಹಗುರವಾಗಿ ಸರಿಯಿತು ಎನ್ನುತ್ತೀರಿ! ತ್ಯಾಗ ಮಾಡಿದ ಮನಸ್ಸಿಗೆ ಭಾರವೂ ಹಗುರ ಎಂದುಕೊಂಡು ಬಾಗಿಲಿಗೆ ಬೀಗ ಹಾಕಿದೆ.

ಬಸ್ಸಿನಲ್ಲಿ ನನ್ನ ಎರಡೂ ಕೈ ಖಾಲಿ. ಎಲ್ಲಿಡಬೇಕೆಂದು ತಿಳಿಯದೆ ಮೊದಲು ಮಡಿಲಲ್ಲಿಟ್ಟುಕೊಂಡೆ, ಆಮೇಲೆ ಮುಂದಿನ ಸೀಟಿನ ಕಂಬಿಗೆ ಇಟ್ಟೆ. ಹೆಂಡತಿ ಅದರಲ್ಲೊಂದನ್ನು ತೆಗೆದು ತನ್ನ ಕೈಯೊಳಗಿಟ್ಟುಕೊಂಡು ನಿದ್ದೆಹೋದಳು. ಮನುಷ್ಯ ಮನಸ್ಸು ಮಾಡಿದರೆ ಬದಲಾಗಬಹುದು ಎಂಬ ವಿಷಯದ ಮೇಲೆ ನಾನು ದಾರಿಯುದ್ದಕ್ಕೂ ನನಗೇ ಭಾಷಣ ಮಾಡಿಕೊಂಡೆ. ಇಳಿಯುವಾಗ ಕ್ಲೀನರ್ ಪೆಟ್ಟಿಗೆಯನ್ನು ಏದುಸಿರು ಬಿಡುತ್ತ ಕೆಳಗಿಳಿಸಿ, "ಇದ್ರಲ್ಲೇನು ಕಲ್ಲು ತುಂಬಿದ್ದೀರಾ?" ಎಂದ. ಈಗಿನವರಿಗೆ ಮೈಯಲ್ಲಿ ಕಸುವೇ ಇಲ್ಲ ಎಂದು ನಾನು ಹೆಂಡತಿಗೆ ಹೇಳಿದೆ. ಬೀರು ಹೊತ್ತ ಭುಜಕ್ಕೆ ಅದರ ಭಾರ ಲೆಕ್ಕಕ್ಕೇ ಬರಲಿಲ್ಲ.

ಲಾಡ್ಜು ಚಿಕ್ಕದು. ಕಿಟಕಿ ತೆರೆದರೆ ಸಮುದ್ರ. ಅವಳು ಕಿಟಕಿಯಲ್ಲಿ ನಿಂತು ನೀರನ್ನು ನೋಡುತ್ತ, "ಆ ನೀಲಿದು ತೆಗೀರಿ, ಹಾಕ್ಕೋತೀನಿ," ಎಂದಳು. ನಾನು ಕೊಂಡಿ ತೆಗೆದು ಮುಚ್ಚಳ ಎತ್ತಿದೆ. ಬಿಸಿನೀರಿನ ಚೀಲದ ಮಡಿಕೆಯಿಂದ ಸುತ್ತಿಗೆ ಹಣಕಿ ನೋಡಿತು.

ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ನೋಡಬೇಕಿದ್ದವರು ಆಗ ಆ ಕೋಣೆಗೆ ಬರಬೇಕಿತ್ತು. ಇಸ್ತ್ರಿ ಪೆಟ್ಟಿಗೆ ಇತ್ತು, ಇಸ್ತ್ರಿ ಮಾಡಲು ಬಟ್ಟೆ ಇರಲಿಲ್ಲ. ಹಗ್ಗವಿತ್ತು, ಕ್ಲಿಪ್ಪಿತ್ತು, ಒಣಹಾಕಲು ಏನೂ ಇರಲಿಲ್ಲ. ನಾನು ಡ್ರೈವರಿನ ಕಥೆ, ಸಿಂಕಿನ ಕಥೆ, ಇರಲಿ ಎಂದ ಕಥೆ ಎಲ್ಲ ಹೇಳಿದೆ. ಅವಳು ಮುಖ ಗಂಟು ಹಾಕಿಕೊಂಡು ಕೇಳಿಸಿಕೊಂಡಳು. ಎಂಥೆಂಥ ಗಂಟನ್ನೋ ಬಿಚ್ಚಿದವನು ನಾನು, ಆ ಗಂಟು ಬಿಚ್ಚುವುದು ಮಾತ್ರ ಇನ್ನೂ ಕಲಿತಿಲ್ಲ. ಕೊನೆಗೆ ಅವಳೇ ಬಿಚ್ಚಿಕೊಂಡಳು.

"ಬಟ್ಟೆ ಹೋಗ್ಲಿ ಬಿಡಿ," ಎಂದಳು. "ಕೈ ತಂದಿದ್ದೀರಲ್ಲ, ಅಷ್ಟು ಸಾಕು. ನಡೀರಿ."

ಅಲ್ಲಿಗೆ ನನ್ನ ಕಥೆ ಸುಖವಾಗಿ ಮುಗಿಯಬೇಕಿತ್ತು. ಮೆಟ್ಟಿಲಿಳಿದು ಹೊರಬಾಗಿಲಿಗೆ ಬಂದೆವು. ಅಲ್ಲಿ ಲಾಡ್ಜಿನ ಒಡತಿ, ದಪ್ಪನೆಯ ನಗುಮುಖದ ಹೆಂಗಸು, ಸೋರುವ ನಲ್ಲಿಯ ಕೆಳಗೆ ಬಕೆಟ್ ಇಡುತ್ತ, "ಈ ಪ್ಲಂಬರ್ ಪುಣ್ಯಾತ್ಮ ಬರ್ತೀನಿ ಬರ್ತೀನಿ ಅಂತಾನೆ. ಒಂದು ವಾಷರ್ ಹಾಕೋಕೆ ಎಷ್ಟು ದಿನ ಬೇಕು?" ಎಂದು ಯಾರಿಗೋ ಹೇಳುತ್ತಿದ್ದಳು.

ವಾಷರ್ ಎನ್ನುವ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಕಾಲು ನಿಂತಿತು. ಹೆಂಡತಿಯ ಬೆರಳುಗಳು ನನ್ನ ಕೈಯನ್ನು ಸ್ವಲ್ಪ ಬಿಗಿಯಾಗಿ ಹಿಡಿದವು. ಅವಳಿಗೆ ಗೊತ್ತಾಗಿತ್ತು.

"ನನ್ನ ಹತ್ರ ಇದೆ," ಎಂದೆ. "ಇರಲಿ ಅಂತ ತಂದಿದ್ದೆ." ತಂದಿದ್ದೆ ಎನ್ನುವುದು ಪೂರ್ತಿ ನಿಜವಲ್ಲ, ಆದರೆ ಆ ಹೊತ್ತಿಗೆ ಅದನ್ನು ತಿದ್ದುವ ಮನಸ್ಸಾಗಲಿಲ್ಲ. "ನೀನು ಮುಂದೆ ನಡೀತಿರು, ಈಗ ಬಂದೆ," ಎಂದು ಹೆಂಡತಿಗೆ ಹೇಳಿದೆ.

ಈಗ ಬಂದೆ ಎಂದವನು ಅವತ್ತು ಬರಲಿಲ್ಲ. ನಲ್ಲಿ ನಿಂತಿತು. ನಲ್ಲಿ ನಿಂತದ್ದು ನೋಡಿ ಒಡತಿ ಎರಡನೆಯ ಮಹಡಿಯ ಬಾಗಿಲು ತೋರಿಸಿದಳು, ಅದರ ಕೀಲು ಕೀಚ್ ಎನ್ನುತ್ತಿತ್ತು. ಕೀಲಿಗೆ ಎಣ್ಣೆ ಬಿಡುವಾಗ ಪಕ್ಕದ ಕೋಣೆಯ ಮುದುಕರು ತಮ್ಮ ಪೆಟ್ಟಿಗೆಯ ಹಿಡಿ ಕಿತ್ತುಬಂದಿದೆ ಎಂದರು. ಟೇಪು ಸುತ್ತಿ ಕೊಟ್ಟೆ. ಮಾರನೆಯ ದಿನ ಬೆಳಿಗ್ಗೆ ನಾನು ಎದ್ದು ಹೊರಬರುವಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ಕಾದಿದ್ದರು, ಒಬ್ಬರಿಗೆ ಬಿಸಿನೀರಿನ ಚೀಲ ಬೇಕಿತ್ತು, ಇನ್ನೊಬ್ಬರಿಗೆ ಇಸ್ತ್ರಿ ಪೆಟ್ಟಿಗೆ. ನನ್ನ ಜೀವನದಲ್ಲಿ ಅಂಥ ದಿನ ಬಂದಿರಲಿಲ್ಲ. ಇರಲಿ ಎಂದು ಇಟ್ಟುಕೊಂಡ ಒಂದೊಂದು ವಸ್ತುವೂ ಒಬ್ಬೊಬ್ಬರಿಗೆ ಬೇಕಾಗುತ್ತಿತ್ತು. ಮೆಟ್ಟಿಲು ಹತ್ತಿ ಇಳಿಯುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಹಾಕಿಕೊಳ್ಳಲು ಬಟ್ಟೆಯಿಲ್ಲವೆಂದು ತಿಳಿದು ಒಡತಿ ತನ್ನದೊಂದು ಉಡುಪನ್ನು ನನ್ನ ಹೆಂಡತಿಗೆ ಕೊಟ್ಟಳು. ಅದರಲ್ಲಿ ಅವಳಂಥವರು ಇಬ್ಬರು ಹಿಡಿಯುತ್ತಿದ್ದರು. ಅವಳು ಪಿನ್ನು ಚುಚ್ಚಿ ಒಳಗೆ ಹಿಡಿದುಕೊಂಡಳು. ನನಗೆ ಸಿಕ್ಕಿದ್ದು ಒಡತಿಯ ತಮ್ಮನ ಪ್ಯಾಂಟು, ಅದು ನನ್ನ ಕಣಕಾಲಿಗಿಂತ ಬಹಳ ಮೇಲೆಯೇ ನಿಂತುಬಿಟ್ಟಿತು. ಆ ವೇಷದಲ್ಲಿ ನಾನು ಸ್ಕ್ರೂಡ್ರೈವರ್ ಹಿಡಿದು ಓಡಾಡುವುದನ್ನು ನೋಡುತ್ತ ಒಡತಿ ನನ್ನ ಹೆಂಡತಿಗೆ, "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಅಕ್ಕಾ," ಎಂದಳಂತೆ.

"ಮಾಡಿದ್ದೀನಮ್ಮ," ಎಂದಳಂತೆ ಇವಳು. "ಇನ್ನೂ ಸ್ವಲ್ಪ ಮಾಡಿದ್ರೆ ನಂಗೆ ಸಿಗ್ತಿದ್ರು."

ಇದನ್ನು ಒಡತಿ ನಗುತ್ತ ನನಗೆ ಹೇಳಿದಳು. ನಾನೂ ನಕ್ಕೆ. ಈ ಬಡ್ಡಿಮಗನಿಗೆ ಆಗಲಾದರೂ ಅರ್ಥವಾಗಬೇಡವೇ?

ಹೆಂಡತಿ ಹೊತ್ತಿಗೊಮ್ಮೆ ದಂಡೆಗೆ ಹೋಗಿ ಬರುತ್ತಿದ್ದಳು. "ಹೇಗಿದೆ ಸಮುದ್ರ?" ಎಂದು ಏಣಿಯ ಮೇಲಿಂದ ಕೇಳಿದರೆ, "ಇದೆ," ಎನ್ನುತ್ತಿದ್ದಳು. ಅವಳ ಚಪ್ಪಲಿ ಒಣಗಿಯೇ ಇರುವುದನ್ನು ನಾನು ನೋಡಿದ್ದೆ. ನೋಡಿಯೂ ಒದ್ದೆಯಾಗಬಾರದೆಂದು ಜೋಪಾನ ಮಾಡಿದ್ದಾಳೆ, ಒಳ್ಳೆಯ ಅಭ್ಯಾಸ ಎಂದುಕೊಂಡೆ.

ಹೊರಡಬೇಕಾದ ದಿನದ ಬೆಳಿಗ್ಗೆ ನಾನು ಎರಡನೆಯ ಮಹಡಿಯಲ್ಲಿ ಕಿಟಕಿಯ ಪರದೆಯ ಕೋಲು ಕೂರಿಸುತ್ತಿದ್ದೆ. ಅವಳು ಬಾಗಿಲಿಗೆ ಬಂದು ನಿಂತಳು.

"ರೀ, ಆ ಬಟ್ಟೆ ಒಣಹಾಕೋ ಹಗ್ಗ ತಗೊಳ್ಲಾ?"

ನನಗೆ ಆನಂದವಾಯಿತು. ಮೂಲೆಗೆ ಬಿದ್ದಿದ್ದ ಹಗ್ಗವನ್ನು ಕೊನೆಗೂ ಅವಳೇ ಕೇಳುತ್ತಿದ್ದಾಳೆ! "ತಗೋ, ತಗೋ. ಬೇಡ ಅಂತಿದ್ದೆ, ಈಗ ನೋಡು," ಎಂದೆ. ಅವಳು ಮೆಟ್ಟಿಲಿಳಿಯುವಾಗ ಹಿಂದಿನಿಂದ, "ಗಟ್ಟಿ ಹಗ್ಗ ಅದು, ಒಂದು ಆಳಿನ ಭಾರ ತಡೆಯುತ್ತೆ," ಎಂದು ಕೂಗಿ ಹೇಳಿದೆ. ಯಾಕೆ ಬೇಕು ಎಂದು ಕೇಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಕೋಲು ನೆಟ್ಟಗಿದೆಯೇ ಎಂದು ನೋಡಲು ಕತ್ತು ವಾಲಿಸಿದೆ. ಕಿಟಕಿಯಾಚೆ ದಂಡೆ ಕಂಡಿತು. ದೋಣಿ ಕಟ್ಟಲು ಮರಳಿನಲ್ಲಿ ಹೂತ ಮರದ ಗೂಟವೊಂದಿತ್ತು. ಅದರ ಮುಂದೆ ಸಡಿಲ ಉಡುಪಿನ ಒಬ್ಬ ಹೆಂಗಸು ಬಗ್ಗಿ ಏನೋ ಕಟ್ಟುತ್ತಿದ್ದಳು. ಕಟ್ಟಿ, ಎರಡು ಸಲ ಜಗ್ಗಿ ನೋಡಿದಳು. ಹಗ್ಗದ ಇನ್ನೊಂದು ತುದಿಯನ್ನು ತನ್ನ ಕೈಗೆ ಸುತ್ತಿಕೊಂಡಳು. ಚಪ್ಪಲಿ ಬಿಟ್ಟು, ನೀರಿನ ಕಡೆಗೆ ಒಂದು ಹೆಜ್ಜೆ ಇಟ್ಟು, ಮತ್ತೆ ಹಿಂದೆ ಬಂದಳು.

ಕೈ ಹಿಡಿದುಕೊಳ್ಳುವವನು ಬರಲಿಲ್ಲವೆಂದು ನನ್ನ ಹೆಂಡತಿ ಒಂದು ಗೂಟದ ಕೈ ಹಿಡಿದಿದ್ದಳು. ಆ ಹಗ್ಗವನ್ನೂ ನಾನೇ ಕೊಟ್ಟಿದ್ದೆ, ಅದೂ ಹೊಗಳಿ ಕೊಟ್ಟಿದ್ದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅವಳು ಹಗ್ಗ ಹಿಡಿದು ನೀರಿಗಿಳಿದು ಬಂದರೆ ಮುಗಿಯಿತು, ಆಮೇಲೆ ನನ್ನನ್ನು ಕೇಳುವುದಿಲ್ಲ. ಇದೂ ಆ ನಿಂತುಹೋದ ಮಾತುಗಳ ಸಾಲಿಗೆ ಸೇರುತ್ತದೆ. ಏಣಿಯಿಂದ ಹೇಗಿಳಿದೆನೋ ಗೊತ್ತಿಲ್ಲ. ಪರದೆಯ ಕೋಲು ಹಿಂದೆ ದಬ್ಬೆಂದು ಬಿದ್ದ ಸದ್ದು ಕೇಳಿಸಿತು, ಒಡತಿ ಏನೋ ಕೂಗಿದಳು.

ಮರಳಿನಲ್ಲಿ ಓಡುವುದೆಂದರೆ ಕನಸಿನಲ್ಲಿ ಓಡಿದ ಹಾಗೆ, ಕಾಲು ಎತ್ತಿದಷ್ಟೂ ಅಲ್ಲೇ. ನಾನು ತಲುಪುವಾಗ ಅವಳ ಪಾದ ನೀರಿನ ಅಂಚಿನಲ್ಲಿತ್ತು, ಇನ್ನೂ ಒದ್ದೆಯಾಗಿರಲಿಲ್ಲ. ಏದುಸಿರು ಕೇಳಿ ತಿರುಗಿ ನೋಡಿದಳು. ಮೊದಲು ನೋಡಿದ್ದು ನನ್ನ ಮುಖವನ್ನಲ್ಲ.

"ಕೈಲೇನದು?" ಎಂದಳು.

ನೋಡಿಕೊಂಡೆ. ಸ್ಕ್ರೂಡ್ರೈವರ್. ಮಹಡಿಯಿಂದ ಸಮುದ್ರದವರೆಗೆ ಅದನ್ನು ಹಿಡಿದುಕೊಂಡೇ ಓಡಿ ಬಂದಿದ್ದೆ. ಜೇಬಿಗೆ ಹಾಕಿಕೊಳ್ಳಲು ಹೋದೆ, ಒಡತಿಯ ತಮ್ಮನ ಪ್ಯಾಂಟಿಗೆ ಜೇಬಿರಲಿಲ್ಲ. ಮರಳಿನ ಮೇಲೆ ಎಸೆದೆ. ಉಪಯೋಗದ ವಸ್ತುವೊಂದನ್ನು ನಾನು ಎಸೆದದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ, ಅದು ಬಿದ್ದ ಜಾಗವನ್ನೇ ಸ್ವಲ್ಪ ಹೊತ್ತು ನೋಡಿದಳು.

"ಪರದೆ?"

"ಬಿತ್ತು."

ಗೂಟದ ಕಡೆಗೆ ನೋಡಿದೆ. ಅವಳು ಹಾಕಿದ್ದು ನೂಲಿಗೆ ಹಾಕುವಂಥ ಗಂಟು. ಬಟ್ಟೆಯ ಅಂಚಿಗೆ ಸಾಕು, ಅಲೆಯ ಎಳೆತಕ್ಕೆ ಜಾರಿಬಿಡುತ್ತಿತ್ತು. ಆದರೆ ಅವಳ ಮುಂದೆ ಗಂಟಿನ ಪಾಠ ಶುರುಮಾಡಲಿಲ್ಲ. ಅಷ್ಟು ಬುದ್ಧಿ ಆ ಹೊತ್ತಿಗಾದರೂ ಬಂತು.

"ಹಗ್ಗ ಬಿಚ್ಚಲಾ?" ಎಂದು ಕೈ ಚಾಚಿದೆ.

ಅವಳು ನನ್ನ ಕೈಯನ್ನು ಹಿಡಿದುಕೊಂಡಳು. ಹಗ್ಗವಿದ್ದ ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಂಡಳು.

"ಅದೂ ಇರಲಿ," ಎಂದಳು. "ನಿಮ್ಮನ್ನ ನಂಬೋಕಾಗಲ್ಲ. ಯಾರಾದ್ರೂ ನಲ್ಲಿ ಸೋರುತ್ತೆ ಅಂದ್ರೆ ನಡುನೀರಲ್ಲಿ ಕೈ ಬಿಟ್ಟು ಹೋಗ್ತೀರಿ."

ಹಾಗೇ ಇಳಿದೆವು. ನನ್ನ ಪ್ಯಾಂಟು ಮೇಲಕ್ಕೆ ಮಡಿಸುವ ಕೆಲಸವೇ ಇರಲಿಲ್ಲ. ಅವಳ ಉಡುಪಿನ ಪಿನ್ನುಗಳೆಲ್ಲ ಒಂದೊಂದಾಗಿ ಬಿಟ್ಟುಕೊಂಡು ಅದು ಕೊಡೆಯಂತೆ ನೀರಿನ ಮೇಲೆ ಅರಳಿತು, ಅವಳು ಗಮನಿಸಲಿಲ್ಲ. ಮೊದಲ ಅಲೆಗೆ ನನ್ನ ಮಣಿಕಟ್ಟಿಗೆ ಉಗುರೂರಿ, "ಹಿಡ್ಕೊಳ್ಳಿ, ಹಿಡ್ಕೊಳ್ಳಿ," ಎಂದಳು. ಎರಡನೆಯದಕ್ಕೆ ಉಗುರು ಸಡಿಲಿಸಿದಳು. ಅಲೆ ಹಿಂದಕ್ಕೆ ಹೋಗುವಾಗ ಕಾಲ ಕೆಳಗಿನ ಮರಳು ಅವಳು ಹೇಳಿದ ಹಾಗೇ ಜಾರಿತು, ಅವಳ ಭಾರ ಪೂರ್ತಿ ನನ್ನ ಕೈಗೆ ಬಂತು. ಬೀರು, ಕುರ್ಚಿ, ಮಂಚ ಎಲ್ಲ ಹೊತ್ತವನು ನಾನು. ಇಷ್ಟು ಸಂತೋಷ ಕೊಟ್ಟ ಭಾರವನ್ನು ಹೊತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಮಗು ನಿಂತ ಹಾಗೆ ನಿಂತಿದ್ದಳು.

ಆಗ ನನ್ನ ಕಾಲು ಹಗುರವಾದಂತೆನಿಸಿತು. ಓಡಿ ಬಂದ ಅವಸರದಲ್ಲಿ ಚಪ್ಪಲಿ ಬಿಡುವುದನ್ನೇ ಮರೆತಿದ್ದೆ. ಒಂದು ಚಪ್ಪಲಿ ಅಲೆಯ ಬೆನ್ನೇರಿ ಹೊರಟಿತ್ತು. ನೋಡುತ್ತಿದ್ದಂತೆ ಇನ್ನೊಂದೂ ಅದರ ಹಿಂದೆ ಹೋಯಿತು. ನನ್ನ ಇನ್ನೊಂದು ಕೈ ತಾನಾಗಿ ಮುಂದಕ್ಕೆ ಚಾಚಿತು. ಅವಳು ಕಣ್ಣು ತೆರೆದು ಆ ಕೈಯನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು.

ನಾನು ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಹೋಗ್ಲಿ ಬಿಡು," ಎಂದೆ.

ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಬೆರಗಾಯಿತು. ಅವಳು ಬೇರೆ ಯಾರೋ ಪಕ್ಕದಲ್ಲಿ ನಿಂತಿದ್ದಾರೇನೋ ಎಂಬಂತೆ ನನ್ನ ಮುಖವನ್ನು ಪರೀಕ್ಷಿಸಿದಳು. ಎರಡು ಚಪ್ಪಲಿಗಳೂ ಜೊತೆಯಾಗಿ ಏಳುತ್ತ ಬೀಳುತ್ತ ದೂರ ಹೋಗುವುದನ್ನು ಇಬ್ಬರೂ ನೋಡಿದೆವು. ಆಮೇಲೆ ಅವಳ ತುಟಿಯ ಮೂಲೆ ಸ್ವಲ್ಪ ಸರಿಯಿತು.

"ಇನ್ನೊಂದು ಜೊತೆ ಪೆಟ್ಟಿಗೇಲಿದೆ, ಅಲ್ವಾ?"

ಸುಳ್ಳು ಹೇಳೋಣವೆನಿಸಿತು. ಆದರೆ ಆ ಪೆಟ್ಟಿಗೆಯಲ್ಲಿ ಏನೇನಿದೆಯೆಂದು ನನಗಿಂತ ಚೆನ್ನಾಗಿ ಅವಳಿಗೇ ಗೊತ್ತು.

"ಇದೆ," ಎಂದೆ.

"ಇರಲಿ," ಎಂದು ಜೋರಾಗಿ ನಕ್ಕಳು. ಮುಂದಿನ ಅಲೆ ಬಂತು, ಅವಳು ಹಗ್ಗವನ್ನು ಬಿಟ್ಟು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.